ಅಸೀಮ್ವೆಯ ಹೊಲದಲ್ಲಿ ಗುಳಿ ರಾಗಿ

ನಂದಗುಡಿಯಿಂದ ಸೂಲಿಬೆಲೆ, ಅಲ್ಲಿಂದ ದೇವನಹಳ್ಳಿ, ಎರಡು ಬಸ್ಸು ಹತ್ತಿ ವಿಮಾನ ನಿಲ್ದಾಣದ ದಾರಿ ಹಿಡಿದೆವು. ಹೆಂಗಸಾದ ನನಗೆ ಟಿಕೆಟ್ ಉಚಿತ, ನಮ್ಮ ಯಜಮಾನರು ಮಾತ್ರ ಚೀಟಿ ಹರಿಸಿದರು. ಐವತ್ತೊಂದು ವರ್ಷಕ್ಕೆ ಮೊದಲ ಸಲ ವಿಮಾನ ಹತ್ತುತ್ತಿದ್ದೆ. ಹೋಗುತ್ತಿದ್ದುದು ಉಗಾಂಡ ದೇಶಕ್ಕೆ, ಎರಡು ತಿಂಗಳಿಗೆ, ರಾಗಿ ನಾಟಿ ಕಲಿಸಲು. ಕರೆಸಿಕೊಂಡವರು ಕ್ರೈಸ್ತ ಮಿಷನ್ನಿನವರು.

ಇದಕ್ಕೆ ಕಾರಣ ಸಿಸ್ಟರ್ ಫಿಲೋಮಿನಾ. ದೊಡ್ಡಬಳ್ಳಾಪುರದ ಹತ್ತಿರದ ಹಳ್ಳಿಯವರು. ಹದಿನೆಂಟು ವರ್ಷದಿಂದ ಉಗಾಂಡದ ಬೆಟ್ಟದ ಊರೊಂದರಲ್ಲಿ ಔಷಧಾಲಯ ನಡೆಸುತ್ತಾರೆ. ಹಿಂದಿನ ವರ್ಷ ರಜೆಗೆ ಬಂದವರು ಕೃಷಿ ಅಧಿಕಾರಿಗಳ ಜೊತೆ ನಮ್ಮ ಹೊಲಕ್ಕೆ ಬಂದು ನನ್ನ ಗುಳಿ ರಾಗಿ ನೋಡಿದರು. ಕಾಳು ಎರಚುವ ಬದಲು ಸಸಿ ಬೆಳೆಸಿ, ಅಳತೆಯಾಗಿ ಗುಳಿ ತೋಡಿ, ಗುಳಿಗೆ ಎರಡೇ ಪೈರು ನೆಡುವ ಪದ್ಧತಿ ಅದು. "ಅಲ್ಲೂ ರಾಗಿನೇ ತಿಂತಾರೆ ಚಂದ್ರಕ್ಕ. ಬಂದು ತೋರಿಸಿಕೊಡಿ. ಚರ್ಚಿಗೆ ಬರ್ಲೇಬೇಕು ಅಂತ ಏನಿಲ್ಲ" ಎಂದರು. ಒಪ್ಪಿಕೊಂಡೆ. ನಮ್ಮ ಕಡೆ ಜಮೀನನ್ನು ಯಾವುದೋ ಯೋಜನೆಗೆ ಕೇಳುತ್ತಿದ್ದ ಕಾಲ ಅದು. ಊರಲ್ಲಿ ಯಾರು ಬಾಯಿ ತೆರೆದರೂ ಅದೇ ಮಾತು. ಆ ಮಾತಿನಿಂದ ಎರಡು ತಿಂಗಳು ತಪ್ಪಿಸಿಕೊಳ್ಳಬಹುದೆಂಬ ಆಸೆಯೂ ಇತ್ತು.

ಬೆಂಗಳೂರಿನಲ್ಲಿ ಹಳದಿ ಜ್ವರದ ಸೂಜಿ ಹಾಕಿಸಿಕೊಂಡಿದ್ದೆ. ಹಾಕಿಸಿಕೊಂಡದ್ದಕ್ಕೆ ಗುರುತಾಗಿ ಕೊಡುವ ಹಳದಿ ಪುಸ್ತಕ ಇಲ್ಲದಿದ್ದರೆ ಆ ದೇಶದೊಳಗೆ ಬಿಡುವುದಿಲ್ಲ. ದುಬೈನಲ್ಲಿ ಐದು ಗಂಟೆ ಕಾದು ಇನ್ನೊಂದು ವಿಮಾನ ಹಿಡಿದು ಎಂಟೆಬೆಯಲ್ಲಿ ಇಳಿದೆ. ಮರುದಿನ ಸಿಸ್ಟರ್ ಜೊತೆ ಜೀಪಿನಲ್ಲಿ ನಾನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಹತ್ತು ಗಂಟೆ ಬಾಳೆತೋಟಗಳ ನಡುವೆ ಹೋಗಿ ಬೆಟ್ಟ ಹತ್ತಿದಾಗ ಸ್ವೆಟರ್ ಮೇಲೆ ಶಾಲು ಹೊದೆಯಬೇಕಾಯಿತು. ಬೆಟ್ಟಗಳ ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹೊಲ. ನಮ್ಮ ಬಯಲಿನಲ್ಲಿ ಹುಟ್ಟಿ ಬೆಳೆದವಳಿಗೆ ಇಷ್ಟು ಕಡಿದಾದ ಕಡೆ ನಿಂತು ಹೇಗೆ ಕಳೆ ಕೀಳುತ್ತಾರೆಂದೇ ತಿಳಿಯಲಿಲ್ಲ.

ಆ ದಿನ ಊಟಕ್ಕೆ ಮುಚ್ಚಳದ ಪುಟ್ಟ ಬುಟ್ಟಿಯಲ್ಲಿ ಕಪ್ಪಗಿನ ಮುದ್ದೆ ಬಂತು. ಅವರು ಅದಕ್ಕೆ ಕಾರೊ ಎನ್ನುತ್ತಾರೆ. ಮುರಿದು, ಬೇಯಿಸಿದ ಹುರುಳಿಕಾಯಿ ಕಾಳಿನ ಸಾರಿಗೆ ಅದ್ದಿ ನುಂಗಿದೆ. ನಮ್ಮದಕ್ಕಿಂತ ಸ್ವಲ್ಪ ಅಂಟು. ನಾನು ಅಗಿಯದೆ ನುಂಗಿದ್ದು ನೋಡಿ ಬಡಿಸುತ್ತಿದ್ದ ಹೆಂಗಸು ನಕ್ಕಳು. ಅವಳೇ ಅಸೀಮ್ವೆ. ಅರವತ್ತರ ವಿಧವೆ. ನನ್ನ ಪ್ರಯೋಗಕ್ಕೆ ತನ್ನ ಅರ್ಧ ಹೊಲ ಬಿಟ್ಟುಕೊಟ್ಟಿದ್ದವಳು.

ಆ ಊರಿನ ಒಂದು ಮಾತು ಮೊದಲ ವಾರವೇ ನನ್ನನ್ನು ಕಾಡಿತು. ವೆಬಾರೆ ಎಂದರೆ ವಂದನೆ, ನಮ್ಮ ಥ್ಯಾಂಕ್ಸ್ ಇದ್ದಂತೆ. ದಾರಿಯಲ್ಲಿ ನಡೆದು ಬಂದರೆ ವೆಬಾರೆ, ಗುದ್ದಲಿ ಹಿಡಿದರೆ ವೆಬಾರೆ. ಗುರುತಿಲ್ಲದವರು ಬೇಲಿಯಾಚೆಯಿಂದ ಕೂಗಿ, ಕೆಲಸ ಮಾಡುತ್ತಿರುವುದಕ್ಕೆ ವಂದನೆ ಎಂದು ಹೇಳಿ ಹೋಗುತ್ತಿದ್ದರು. ನನ್ನ ಕೆಲಸದಿಂದ ಅವರಿಗೇನು ಬಂತು? ನಮ್ಮಲ್ಲಿ ಮನೆಯವರಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ? ಹೇಳಿದರೆ ಹೊರಗಿನವರನ್ನಾಗಿ ಮಾಡಿದಂತೆ. ನಾನು ತಲೆಯಾಡಿಸಿ ಕೆಲಸ ಮುಂದುವರಿಸುತ್ತಿದ್ದೆ.

ಸಸಿಮಡಿ ಚೆನ್ನಾಗಿ ಎದ್ದಿತು. ಇಪ್ಪತ್ತು ದಿನಕ್ಕೆ ಗುಳಿ ತೋಡಿಸಿದೆ. ಹೊಲದ ಹೊರಅಂಚಿನಲ್ಲಿ ಹುಲ್ಲು ಬೆಳೆದ ಬದುವಿತ್ತು. ನಾನು ಅಲ್ಲಿಯೂ ಗುದ್ದಲಿ ಹಾಕಿದಾಗ ಅಸೀಮ್ವೆ ಅಡ್ಡ ಬಂದು ಏನೋ ಹೇಳಿದಳು.

"ಅಂಚಿನ ಹುಲ್ಲು ಕೀಳಬೇಡಿ ಅಂತಾವ್ಳೆ" ಎಂದರು ಸಿಸ್ಟರ್.

"ಒಂದು ಸಾಲು ಜಾಸ್ತಿ ಬರುತ್ತೆ ಸಿಸ್ಟರ್. ಜಾಗ ಯಾಕೆ ಸುಮ್ನೆ ಬಿಡ್ಬೇಕು? ಹೇಳಿ ಅವ್ಳಿಗೆ."

ಸಿಸ್ಟರ್ ಹೇಳಿದರು. ಅಸೀಮ್ವೆ ನನ್ನ ಮುಖ ನೋಡಿ ಪಕ್ಕಕ್ಕೆ ಸರಿದಳು.

ನಾಟಿಯಾದ ಹನ್ನೆರಡನೆಯ ದಿನ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ನಮ್ಮ ಬಯಲಿನಲ್ಲಿ ಗುಳಿಯಲ್ಲಿ ನೀರು ನಿಂತರೆ ಪೈರಿಗೆ ಒಳ್ಳೆಯದು. ಅಲ್ಲಿ ಅದೇ ನೀರು ಇಂಗಿ, ನಾನು ಹುಲ್ಲು ಕಿತ್ತಿದ್ದ ಅಂಚಿನ ಮಣ್ಣು ಸಡಿಲವಾಗಿ, ನಾಲ್ಕನೆಯ ಬೆಳಗ್ಗೆ ಬದು ಸಮೇತ ಹೊಲದ ಅರ್ಧ ಕೆಳಕ್ಕೆ ಜಾರಿತು. ನನ್ನ ಪೈರೆಲ್ಲ ಕೆಳಗಿನ ಹೊಲದ ಹುರುಳಿಕಾಯಿ ಗಿಡಗಳ ಮೇಲೆ ಬಿದ್ದಿತ್ತು. ಆ ಕೆಳಗಿನ ಹೊಲ ಅಸೀಮ್ವೆಯ ವಾರಗಿತ್ತಿಯದು. ಬದುವಿನ ಜಗಳದಿಂದ ಇಬ್ಬರಿಗೂ ನಾಲ್ಕು ವರ್ಷದಿಂದ ಮಾತಿಲ್ಲ ಎಂದು ಆಗ ತಿಳಿಯಿತು.

ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಕಲಿಸಲು ಬಂದವಳು ಮಾತು ಕೇಳದೆ ಒಬ್ಬ ವಿಧವೆಯ ಹೊಲ ಕೆಡವಿದ್ದೆ. ಟಿಕೆಟ್ ಬದಲಿಸಿ ಊರಿಗೆ ಕಳಿಸಿ ಎಂದು ಕೇಳಲು ಭಾನುವಾರ ಸಿಸ್ಟರನ್ನು ಹುಡುಕಿಕೊಂಡು ಹೋದೆ. ಅವರು ಚರ್ಚಿನಲ್ಲಿದ್ದರು. ಹಿಂದಿನ ಬೆಂಚಿನಲ್ಲಿ ಅವರ ಪಕ್ಕ ಕುಳಿತೆ. ಆಗ ಅಸೀಮ್ವೆ ಎದ್ದು ನಿಂತು ಮಾತಾಡತೊಡಗಿದಳು. ಜನ ತಿರುಗಿ ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು.

"ಏನಂತೆ?"

"ನಿಮ್ಮನ್ನ ಕಳಿಸಿದ್ದಕ್ಕೆ ದೇವ್ರಿಗೆ ವಂದನೆ ಹೇಳ್ತಾವ್ಳೆ" ಎಂದು ಸಿಸ್ಟರ್ ಪಿಸುಗುಟ್ಟಿದರು.

ನನಗೆ ಅವಮಾನವಾಯಿತೋ ಸಿಟ್ಟು ಬಂತೋ ಹೇಳಲಾರೆ. ಎದ್ದು ಹೊರಗೆ ಬಂದು ನೀಲಗಿರಿ ಮರದ ಕೆಳಗೆ ನಿಂತೆ. ಪ್ರಾರ್ಥನೆ ಮುಗಿಸಿ ಸಿಸ್ಟರ್ ಬಂದರು.

"ಆಡ್ಕೊಳ್ತಾವ್ಳಾ ನನ್ನ?" ಎಂದೆ.

"ಇಲ್ಲ ಚಂದ್ರಕ್ಕ. ಅವ್ಳಿಗೆ ಅದೆಲ್ಲ ಬರಲ್ಲ."

"ಮತ್ತೆ? ಹೊಲ ಹಾಳು ಮಾಡ್ದೋಳು ನಾನು. ಬೈದಿದ್ರೆ ಒಂಥರಾ ಸಮಾಧಾನ ಆಗೋದು."

ಸಿಸ್ಟರ್ ಏಸುವಿನ ಮಾತೊಂದು ಹೇಳಿಯಾರು ಎಂದುಕೊಂಡೆ. "ನಾನು ಬಂದ ಮೊದಲ್ನೇ ವರ್ಷ ಒಂದು ಮಗು ನನ್ನ ಕೈಯಲ್ಲೇ ಹೋಯ್ತು. ಅದರ ತಾಯಿ ಹೀಗೇ ಬಂದು ವೆಬಾರೆ ಅಂದ್ಳು. ಮೂರು ದಿನ ಅನ್ನ ಸೇರ್ಲಿಲ್ಲ ನಂಗೆ. ಇವತ್ತಿಗೂ ಪೂರ್ತಿ ಅರ್ಥ ಆಗಿಲ್ಲ. ಆದ್ರೆ ಆಮೇಲೆ ಊರಿಗೆ ವಾಪಸ್ ಹೋಗ್ಬೇಕು ಅಂತ ಅನ್ನಿಸ್ಲಿಲ್ಲ" ಎಂದರು.

ಟಿಕೆಟ್ಟಿನ ಮಾತು ನನ್ನ ಬಾಯಿಗೆ ಬರಲಿಲ್ಲ.

ಸೋಮವಾರ ಬೆಳಗ್ಗೆ ಹೊಲಕ್ಕೆ ಹೋದೆ. ಅಸೀಮ್ವೆ ಆಗಲೇ ಮಂಕರಿಯಲ್ಲಿ ಮಣ್ಣು ಹೊರುತ್ತಿದ್ದಳು. ನಾನೂ ಸೆರಗು ಸಿಕ್ಕಿಸಿ ಇನ್ನೊಂದು ಮಂಕರಿ ತಗೊಂಡೆ. ಮೂರನೆಯ ದಿನ ಕೆಳಗಿನ ಹೊಲದಿಂದ ವಾರಗಿತ್ತಿ ಬಂದಳು. ತನ್ನ ಹುರುಳಿಕಾಯಿ ಸಾಲು ಬಿಡಿಸಿಕೊಳ್ಳಲು ಬಂದವಳು ಮಣ್ಣು ತುಂಬಿ ಮೇಲಕ್ಕೆ ಎತ್ತಿಕೊಡತೊಡಗಿದಳು. ಆ ದಿನ ಮಾತಿಲ್ಲ. ಮರುದಿನ ಒಂದೆರಡು. ವಾರದ ಕೊನೆಗೆ ಇಬ್ಬರೂ ಸೇರಿ ನನ್ನ ಗುದ್ದಲಿ ಹಿಡಿಯುವ ರೀತಿಗೆ ನಗುತ್ತಿದ್ದರು.

ಬದು ಕಟ್ಟಲು ಹನ್ನೆರಡು ದಿನ ಹಿಡಿಯಿತು. ಬೇರು ಸಮೇತ ಕಿತ್ತ ಹುಲ್ಲಿನ ಹೆಂಟೆಗಳನ್ನು ಅಂಚಿಗೆ ಒತ್ತುವುದನ್ನು ಅಸೀಮ್ವೆ ನನಗೆ ಕಲಿಸಿದಳು. ಮಡಿಯಲ್ಲಿ ಉಳಿದಿದ್ದ ಪೈರನ್ನು, ಹದ ಮೀರಿ ಬಲಿತಿದ್ದರೂ, ಒಳಭಾಗದಲ್ಲಿ ಮಾತ್ರ ನೆಟ್ಟೆವು. ಮಿಕ್ಕದ್ದಕ್ಕೆ ಅವಳು ತನ್ನ ಪದ್ಧತಿಯಂತೆ ಕಾಳು ಎರಚಿದಳು. ನಾಟಿ ಮಾಡುತ್ತಾ ಅವರು ಹಾಡಿದರು, ನಾನೂ ನಮ್ಮ ಕಡೆಯ ಸೋಬಾನೆ ಹೇಳಿದೆ. ಒಂದು ಮಧ್ಯಾಹ್ನ ಕೈಕಾಲಿಗೆಲ್ಲ ಕೆಸರು, ಸೊಂಟ ನೋವು, ಮುಂದೆ ಮುದ್ದೆಯ ಬುಟ್ಟಿ. ನಾನು ಬಹಳ ಸಂತೋಷವಾಗಿದ್ದೇನೆ ಎಂದು ಆಗ ಗೊತ್ತಾಯಿತು. ಗೊತ್ತಾದ ಕೂಡಲೇ ಗಾಬರಿಯೂ ಆಯಿತು. ಬಂದ ಕೆಲಸ ಕೆಟ್ಟಿದೆ, ಊರಿನ ಕಥೆ ಏನೋ ತಿಳಿಯದು, ದೇವರೂ ಬೇರೆ. ಯಾವುದಕ್ಕೆ ಈ ಸಂತೋಷ?

ಹೊರಡುವ ಮುನ್ನ ಸಿಸ್ಟರ್ ಮೂಲಕ ಅಸೀಮ್ವೆಯನ್ನು ಕೇಳಿಯೇಬಿಟ್ಟೆ. ಉತ್ತರ ನನಗೇ ಹೊಳೆದಿತ್ತು. "ಹೊಲ ಬಿದ್ದಿದ್ರಿಂದ ವಾರಗಿತ್ತಿ ಮಾತಾಡ್ಸಿದ್ಳಲ್ಲ, ಅದಕ್ಕೇ ತಾನೆ ಆವತ್ತು ವಂದನೆ ಹೇಳಿದ್ದು?"

ಅಸೀಮ್ವೆ ಕೇಳಿಸಿಕೊಂಡು ಅಲ್ಲವೆಂದು ತಲೆಯಲ್ಲಾಡಿಸಿದಳು.

"ಅವ್ಳು ಬಂದಿದ್ದು ಬುಧವಾರ, ನಾನು ಹೇಳಿದ್ದು ಅದಕ್ಕೂ ಮುಂಚೆ ಭಾನುವಾರ ಅಂತಾವ್ಳೆ" ಎಂದರು ಸಿಸ್ಟರ್.

ದಿನ ಎಣಿಸಿ ನೋಡಿದೆ. ಅವಳ ಲೆಕ್ಕವೇ ಸರಿ. "ಹಂಗಾದ್ರೆ ಯಾಕಂತೆ?" ಎಂದೆ. ಸಿಸ್ಟರ್ ಮತ್ತೆ ಕೇಳಿದರು. ಅಸೀಮ್ವೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ನನ್ನ ಕೈ ಹಿಡಿದುಕೊಂಡು, ದಾರಿಗೆ ಬುತ್ತಿ ಏನು ಕಟ್ಟಲಿ ಎಂದು ಕೇಳಿದಳು.

ಬಂದ ದಾರಿಯಲ್ಲೇ ವಾಪಸಾದೆ. ಬೆಳಗ್ಗೆ ಇಳಿದಾಗ ಯಜಮಾನರು ನಿಲ್ದಾಣದ ಹೊರಗೆ ಕಾಯುತ್ತಿದ್ದರು. ದೇವನಹಳ್ಳಿಯಲ್ಲಿ ಕಾಫಿ ಕುಡಿದು ಬಸ್ಸು ಹತ್ತಿದೆವು.

"ಬೆಳೆ ಬಂತಾ?" ಎಂದು ಕೇಳಿದರು.

"ಅದಕ್ಕಿನ್ನೂ ಕಾಲ ಐತೆ. ಬಂದ್ರೂ ಅರ್ಧನೇ."

"ಮತ್ತೆ ಗೆದ್ದು ಬಂದೋಳಂಗೆ ನಗ್ತಾ ಕೂತಿದ್ದೀಯ?"

ನಗುತ್ತಿದ್ದೇನೆಂದು ನನಗೆ ತಿಳಿದಿರಲಿಲ್ಲ. ಮೊದಲಿಂದ ಎಲ್ಲ ಹೇಳಿದೆ: ಬದು ಅಗೆದದ್ದು, ಮಳೆ, ಚಪ್ಪಾಳೆ, ವಾರಗಿತ್ತಿ. ಸೂಲಿಬೆಲೆ ಹತ್ತಿರ ಬಂದಾಗ ಅವರು ಕೇಳಿದರು:

"ಹಂಗಾದ್ರೆ ಆ ಯಮ್ಮಂಗೆ ನಾವೇನು ಕಳಿಸಾಣ?"

ಎರಡು ತಿಂಗಳಲ್ಲಿ ಈ ಪ್ರಶ್ನೆ ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಉತ್ತರ ಹುಡುಕುತ್ತಾ ಕುಳಿತವಳನ್ನು ಸೂಲಿಬೆಲೆಯಲ್ಲಿ ಕಂಡಕ್ಟರ್ ಎಬ್ಬಿಸಿ, ನಂದಗುಡಿ ಬಸ್ಸು ಆ ಕಡೆ ನಿಂತಿದೆ ಹೋಗಿ ಎಂದ.