ಗುಂಡಿಯ ಸುತ್ತ ಇದ್ದ ಬಳೆ

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಬರೆದು ರೂಢಿಯಿಲ್ಲ. ಆದರೂ ತಂಗಿಯ ವಿಷಯವನ್ನು ಬೇರೆಯವರ ಕೈಲಿ ಬರೆಸಲು ಮನಸ್ಸಾಗಲಿಲ್ಲ.

ಆಗ ನಾನು ಹುಣಸೂರಿನ ಹೊಗೆಸೊಪ್ಪಿನ ಮಂಡಿಯಲ್ಲಿ ಕೆಲಸಕ್ಕಿದ್ದೆ. ಯಜಮಾನರು ಹೊಸ ರೇಡಿಯೋ ತಂದಾಗ ಹಳೆಯದನ್ನು ನನಗೆ ಕೊಟ್ಟರು. ಅದರ ಮುಂದೆ ಎರಡು ಗುಂಡಿ. ಎರಡೂ ಒಂದೇ ಗಾತ್ರ, ಒಂದೇ ಕಾಫಿ ಬಣ್ಣ. ಒಂದೊಂದರ ಸುತ್ತಲೂ ಅದಕ್ಕೇ ಅಂಟಿದ ಹಾಗೆ ಒಂದು ಬಳೆ, ಅದೂ ತಿರುಗುತ್ತಿತ್ತು. ಎಡಗಡೆಯ ಗುಂಡಿ ಸದ್ದಿಗೆ, ಬಲಗಡೆಯದು ಸ್ಟೇಷನ್ ಹುಡುಕುವ ಮುಳ್ಳು ಓಡಿಸುವುದಕ್ಕೆ ಎಂಬುದಷ್ಟೇ ನನಗೆ ತಿಳಿದದ್ದು. ಬಳೆಗಳು ಯಾತಕ್ಕೆಂದು ಯಜಮಾನರು ವಿವರಿಸಿದಾಗ ಅರ್ಥವಾದವನಂತೆ ತಲೆಯಾಡಿಸಿ, ಹೊತ್ತುಕೊಂಡು ಬಂದಿದ್ದೆ. ಮೈಸೂರು ಸ್ಟೇಷನ್ ಸಿಗುವ ಕಡೆ ಗಾಜಿನ ಮೇಲೆ ಸುಣ್ಣದ ಚುಕ್ಕಿ ಇಟ್ಟೆ. ಬೀದಿಗೆಲ್ಲ ನಾನೇ ರೇಡಿಯೋ ಬಲ್ಲವನಾದೆ. ಪಕ್ಕದ ಮನೆಯ ಟೈಲರ್ ಸಾಬರು ಬಳೆಯ ಉಪಯೋಗ ತೋರಿಸಲು ಬಂದಾಗ, ಗೊತ್ತು ಎಂದು ಹೇಳಿ ಕಳಿಸಿಬಿಟ್ಟಿದ್ದೆ.

ತಂಗಿ ಚೆನ್ನಾಗಿ ಹಾಡುತ್ತಿದ್ದಳು. ಅವಳ ಮೇಷ್ಟ್ರು ಓಡಾಡಿ, ಮೈಸೂರಿನ ರೇಡಿಯೋದಲ್ಲಿ ಒಂದು ಸಂಜೆ ವಚನ ಹಾಡಿಸಲು ಏರ್ಪಾಟು ಮಾಡಿದರು. ಅಲ್ಲಿ ಹಾಡಿದ್ದು ಆ ಗಳಿಗೆಯಲ್ಲೇ ಬರುತ್ತಿತ್ತು. ಆಗ ಕೇಳದಿದ್ದರೆ ಮತ್ತೆ ಇಲ್ಲ. ಮೇಷ್ಟ್ರು ದಂಪತಿಯ ಜೊತೆ ಬಸ್ಸು ಹತ್ತುವಾಗ ಅವಳು ನನಗೆ ಹೇಳಿದ್ದು ಒಂದೇ ಮಾತು: "ಅಣ್ಣ, ಅವ್ವನ್ನ ಪೆಟ್ಗೆ ಅತ್ರನೇ ಕುಂಡ್ರುಸು."

ಕೂರಿಸಿದೆ. ಅವ್ವ ತಲೆ ಬಾಚಿ, ಒಗೆದ ಸೀರೆ ಉಟ್ಟು, ಮಗಳು ಎದುರಿಗೇ ಬರುತ್ತಾಳೆ ಎಂಬಂತೆ ಕೂತಿದ್ದಳು. ಹಜಾರದ ತುಂಬ ನೆರೆಯವರು. ಬಲಗಡೆಯದನ್ನು ಬಿಗಿಯಾಗಿ ಹಿಡಿದು ತಿರುಗಿಸಿದೆ. ಗುಂಡಿಯ ಜೊತೆ, ಸ್ಟೇಷನ್ನುಗಳ ಬ್ಯಾಂಡನ್ನೇ ಬದಲಿಸುವ ಬಳೆಯೂ ತಿರುಗಿದ್ದು ಗೊತ್ತಾಗಲಿಲ್ಲ. ಮುಳ್ಳು ಚುಕ್ಕಿಯ ಮೇಲೇ ನಿಂತಿತ್ತು, ಬಂದದ್ದು ಮಾತ್ರ ಬರೀ ಚೊರಚೊರ ಸದ್ದು.

"ಒಳ್ಗೆ ಯಾರೋ ಒಗ್ಗರಣೆ ಆಕ್ತಾವ್ರೆ ಕಣವ್ವ," ಎಂದಳು ಎದುರು ಮನೆಯ ಮುದುಕಿ. ಎಲ್ಲರೂ ನಕ್ಕರು. ನಾನು ಮುಳ್ಳನ್ನು ಆ ಕೊನೆಗೂ ಈ ಕೊನೆಗೂ ಓಡಿಸಿದೆ.

"ಟೈಲರಣ್ಣನ್ನ ಕರಿಯೋ," ಎಂದಳು ಅವ್ವ. "ಅವ್ರಿಗೆ ಗೊತ್ತದೆ."

"ನಂಗೊತ್ತಿಲ್ವಾ? ಸುಮ್ಕಿರವ್ವ."

ಒಂದು ಗೋಡೆಯಾಚೆ ಸಾಬರ ಹೊಲಿಗೆ ಮಿಷನ್ ಓಡುವುದು ನನಗೆ ಕೇಳಿಸುತ್ತಿತ್ತು. ಅಷ್ಟು ಜನರ ಮುಂದೆ ನಾನು ಕರೆಯಲಿಲ್ಲ. ಹೊತ್ತು ಮೀರಿತು. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಅವ್ವ ಮಾತ್ರ ಆ ಸದ್ದನ್ನೇ ಕೇಳುತ್ತ ಕೂತಿದ್ದಳು.

ಮಾರನೆಯ ದಿನ ತಂಗಿ ಬಂದಳು. ಅವ್ವ ಬಾಯಿ ತೆರೆಯುವ ಮೊದಲೇ, ಎಲ್ಲರೂ ಕೇಳಿದೆವು, ಅವ್ವ ಅತ್ತೇಬಿಟ್ಟಳು ಎಂದು ನಾನು ಹೇಳಿಬಿಟ್ಟೆ.

ಅವಳ ಮುಖ ಅರಳಿತು. "ಅಂಗಾರೆ ನಿನ್ ಪದ ಗುರ್ತು ಸಿಕ್ತಾ ಅವ್ವ?"

"ಯಾವ್ ಪದವ್ವ?"

ತಂಗಿ ಅವ್ವನನ್ನು ನೋಡಿದಳು, ಆಮೇಲೆ ನನ್ನನ್ನು. ವಚನ ಮುಗಿದ ಮೇಲೆ ಊರ ಕಡೆಯ ಹಾಡೊಂದು ಬೇಕೆಂದರಂತೆ. ಅವಳು ಅವ್ವನ ರಾಗಿ ಬೀಸುವ ಪದ ಹಾಡಿದ್ದಳು. ಅವ್ವನ ಹೆಸರನ್ನೂ ಹೇಳಿದ್ದಳಂತೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಆಗಲಾದರೂ ನಿಜ ಹೇಳಬಹುದಿತ್ತು. "ಪೆಟ್ಗೆ ಕೆಟ್ಟೋಯ್ತು ಕಣವ್ವ, ನಾನೇನ್ ಮಾಡ್ಲಿ," ಎಂದೆ ತಂಗಿಗೆ.

ಸಂಜೆ ತಂಗಿ ಒಳಗೆ ಪದ ಹೇಳಿಕೊಂಡು ರಾಗಿ ಬೀಸುತ್ತಿದ್ದಳು. ನಾನು ಪೆಟ್ಟಿಗೆಯ ಮುಂದೆ ಕೂತು, ಮುಳ್ಳನ್ನು ಚುಕ್ಕಿಗೆ ತಂದು ಸುಮ್ಮನೆ ಬೆರಳಾಡಿಸುತ್ತಿದ್ದೆ. ಬಲಗಡೆಯ ಬಳೆ ಟಿಕ್ಕೆಂದು ಒಂದೇ ಒಂದು ಹಲ್ಲು ಜರುಗಿತು. ಯಾರೋ ಗಂಡಸು, ಪಕ್ಕದಲ್ಲೇ ಕೂತವನಷ್ಟು ಸ್ಪಷ್ಟವಾಗಿ, ಬೆಲ್ಲದ ಧಾರಣೆ ಓದತೊಡಗಿದ. ಒಳಗೆ ಬೀಸುವ ಕಲ್ಲು ನಿಂತಿತು. ಆರಿಸಲು ಹೋದ ನನ್ನ ಕೈ ಎಡಗಡೆಯದನ್ನು ತಿರುವುಮುರುವಾಗಿ ತಿರುಗಿಸಿತು. ಸದ್ದು ಮನೆ ತುಂಬ ಏರಿತು.

ಅವಳು ಎದ್ದು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಲ್ಲು ಮತ್ತೆ ತಿರುಗಿತು, ಪದವಿಲ್ಲದೆ.

ಮುಂದಿನ ವರ್ಷ ಅವಳನ್ನು ಕೋಟೆ ತಾಲ್ಲೂಕಿಗೆ, ಅಂತರಸಂತೆಯಿಂದಾಚೆಯ ಹಳ್ಳಿಗೆ ಕೊಟ್ಟೆವು. ಅಲ್ಲಿಯವರೆಗೂ ಬೀಸುವಾಗಲೆಲ್ಲ ಅವ್ವ ಎದುರಿಗೆ ಕೂತು, ಮೊದಲ ಸಾಲನ್ನು ತಾನೇ ಎತ್ತಿಕೊಟ್ಟು ಕಾಯುತ್ತಿದ್ದಳು. ತಂಗಿ ತಲೆ ತಗ್ಗಿಸಿ ಹಿಟ್ಟು ಒಟ್ಟುಮಾಡುತ್ತಿದ್ದಳು.