ಗಂಗವ್ವ ಬಸ್ಸಿನಲ್ಲಿ ಇದ್ದಾಳೆ

ಬಸ್ಸು ನಿಂತರೆ ಸಾಕು, ಚಾಲಕ ಎಂಜಿನ್ ಆರಿಸುವ ಮೊದಲೇ ಗಂಗವ್ವ ಕೆಳಗಿಳಿದಿರುತ್ತಿದ್ದಳು. ಒಂದು ಕೈಯಲ್ಲಿ ರೊಟ್ಟಿ ಸುಡುವ ಹಂಚು, ಇನ್ನೊಂದರಲ್ಲಿ ಜೋಳದ ಹಿಟ್ಟಿನ ಡಬ್ಬಿ. ನಾವು ಮೈಮುರಿದು ಇಳಿಯುವಷ್ಟರಲ್ಲಿ ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿರುತ್ತಿದ್ದಳು. ವಿಜಯಪುರ ಕಡೆಯವಳು, ಸಂಭಾಜಿನಗರದ ಹೊರಗಿನ ವಾಳೂಜ್‌ನ ಕಾರ್ಖಾನೆ ಶೆಡ್ಡುಗಳಿಗೆ ಇಟ್ಟಿಗೆ ಹೊರುತ್ತಲೇ ಐವತ್ತೈದು ದಾಟಿದ್ದಳು. ನಿಂತ ಜಾಗವೇ ಅವಳಿಗೆ ಮನೆ.

ನಾನು ನಾಸಿಕ್ ರೋಡಿನಲ್ಲಿ ಬ್ಯಾಂಕಿನ ಕಡತ ಜೋಡಿಸುವ ದಫ್ತರಿಯಾಗಿ ನಿವೃತ್ತನಾದ, ಮ್ಯಾಟ್ರಿಕ್‌ವರೆಗೆ ಓದಿದ ಮುದುಕ. ನಾಸಿಕ್‌ನಿಂದ ಸಂಭಾಜಿನಗರದ ಮೇಲೆ ನೇಪಾಳಕ್ಕೆ ಹೊರಟ ಆ ಯಾತ್ರೆಯ ಬಸ್ಸಿನಲ್ಲಿ, ಯಾರೂ ಕೇಳದಿದ್ದರೂ, ಸಮಯಪಾಲನೆಯ ಹೊಣೆ ಹೊತ್ತುಕೊಂಡಿದ್ದೆ. ಯಾರು ಎಷ್ಟು ನಿಮಿಷ ತಡ ಮಾಡಿದರೆಂದು ಎಲ್ಲರಿಗೂ ಕೇಳುವಂತೆ ಹೇಳುವುದು ನನ್ನ ಸೇವೆಯಾಗಿತ್ತು.

ಬಸ್ಸಿನಲ್ಲೊಂದು ಪದ್ಧತಿಯಿತ್ತು. ಮ್ಯಾನೇಜರ್ ಪಾಟೀಲರು ನಲವತ್ತು ಜನರನ್ನು ಇಬ್ಬಿಬ್ಬರ ಜೋಡಿ ಮಾಡಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು ಒಬ್ಬರ ಹೆಸರು ಕೂಗಿದರೆ, ಅವರ ಜೋಡಿಯವರು ನೋಡಿ "ಆಹೆ" ಎನ್ನಬೇಕು, ಇದ್ದಾರೆ ಎಂದು. ಕನ್ನಡದವರು ನಾವಿಬ್ಬರೇ. ಹಾಗಾಗಿ ಗಂಗವ್ವನಿಗೆ ನಾನು, ನನಗೆ ಗಂಗವ್ವ.

ಗಡಿಯಲ್ಲಿ ಬಸ್ಸಿನ ಕಾಗದಪತ್ರಕ್ಕೆ ಅರ್ಧ ದಿನ ಹೋಯಿತು. ನಾನು ಐದು ಸಲ ಕಚೇರಿಯ ಕಿಟಕಿಗೆ ಹೋಗಿ ಕೈಗಡಿಯಾರ ತೋರಿಸಿದೆ. ಐದನೆಯ ಸಲ ಅಲ್ಲಿನ ಗುಮಾಸ್ತ, ನೇಪಾಳದ ಸಮಯ ಕಾಲು ಗಂಟೆ ಮುಂದಿದೆ ಎಂದು ನನ್ನ ಗಡಿಯಾರವನ್ನೇ ತಿದ್ದಿಸಿ ಕಳಿಸಿದ. ಗಂಗವ್ವ ರೊಟ್ಟಿ ತಿರುವಿ ಹಾಕುತ್ತ ನಕ್ಕಳು.

"ಅಣ್ಣಾರ, ಎಲ್ಲಾರ್ನೂ ಬೈತಿದ್ರಿ, ನೀವ ಪಾವ್ ತಾಸು ತಡಾ ಬಂದೀರಲ್ರಿ!"

ಮರುದಿನ ಕಠ್ಮಂಡು ದಾರಿಯಲ್ಲಿ ಗುಡ್ಡ ಕುಸಿಯಿತು. ವಾಹನಗಳ ಸಾಲು ನಿಂತಿತು. ನಾನು ರಸ್ತೆಯಲ್ಲಿ ಶತಪಥ ಹಾಕತೊಡಗಿದೆ.

"ನೀವು ಗಡಿಯಾರ ನೋಡಿದ್ರ ಗುಡ್ಡ ಎದ್ದು ನಿಂದರತೈತೇನ್ರಿ? ಕುಂಡ್ರಿ, ರೊಟ್ಟಿ ತಿನ್ರಿ" ಎಂದಳು. ನಾನು ಕೂರಲಿಲ್ಲ. ಅವಳು ಬುಟ್ಟಿ ಹೊತ್ತು ಸಾಲಿನ ಹಿಂದೆ ನಿಂತ ಲಾರಿಗಳವರಿಗೆ ರೊಟ್ಟಿ ಕೊಡಲು ಹೋದಳು.

ಮಧ್ಯಾಹ್ನ ದಾರಿ ತೆರೆಯಿತು. ಹಾರ್ನುಗಳು ಮೊರೆದವು. ಪಾಟೀಲರು ಗಂಗವ್ವನ ಹೆಸರನ್ನು ತಮ್ಮ ಮರಾಠಿ ರೂಢಿಯಲ್ಲಿ "ಗಂಗೂಬಾಯಿ?" ಎಂದು ಕೂಗಿದರು. ಅವಳ ಸೀಟು ಕೊನೆಯ ಸಾಲಿನಲ್ಲಿ. ಕತ್ತು ತಿರುಗಿಸುವಷ್ಟೂ ತಡ ಮಾಡಬಾರದೆಂದು ನಾನು "ಆಹೆ" ಎಂದುಬಿಟ್ಟೆ.

ಒಂದು ಗಂಟೆಯ ಮೇಲೆ ಹಿಂದಿನಿಂದ ಯಾರೋ ಅವಳೆಲ್ಲಿ ಎಂದು ಕೇಳಿದರು. ಆ ಇಕ್ಕಟ್ಟು ದಾರಿಯಲ್ಲಿ ಬಸ್ಸು ತಿರುಗಿಸಲು ಜಾಗ ಹುಡುಕಿ, ಎದುರಿನ ಸಾಲು ಸೀಳಿ ಹಿಂದಕ್ಕೆ ಬರಲು ಮೂರು ಗಂಟೆ ಹಿಡಿಯಿತು. ಇಡೀ ಯಾತ್ರೆಯಲ್ಲಿ ಒಬ್ಬ ಮನುಷ್ಯ ಮಾಡಿದ ಅತಿ ದೊಡ್ಡ ತಡ ನನ್ನದೇ. ಈ ಸಲ ಮಾತ್ರ ನಾನು ಅಂಗಿಯ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡೆ.

ಗಂಗವ್ವ ಕಲ್ಲೊಂದರ ಮೇಲೆ ಕೂತಿದ್ದಳು. ಫೋನಿಲ್ಲ, ಭಾಷೆಯಿಲ್ಲ, ಗುರುತಿನ ಚೀಟಿ ಬಸ್ಸಿನಲ್ಲಿ. ತುಟಿ ಒಣಗಿ ಬಿಳಚಿತ್ತು. ಪಾಟೀಲರು ನನ್ನತ್ತ ತಿರುಗಿದರು. ನಾನು ಬಾಯಿ ತೆರೆಯುವುದರೊಳಗೆ ಅವಳು ನನ್ನತ್ತ ಕೈ ತೋರಿಸಿ ತನ್ನ ಮುರುಕು ಮರಾಠಿಯಲ್ಲಿ, "ಈ ಕಾಕಾನ ತಪ್ಪಿಲ್ಲ. ನಾನು ಹತ್ತಿ ಕೂತಿದ್ದೆ. ಹಂಚು ಮರೆತೆನೆಂದು ಮತ್ತೆ ಇಳಿದೆ" ಎಂದಳು. ನಾನು ಬಾಯಿ ಮುಚ್ಚಿದೆ.

ಆ ಸಂಜೆಯ ದರ್ಶನ ತಪ್ಪಿತು. "ಒಂದು ಹಂಚಿಗಾಗಿ ನಲವತ್ತು ಜನರನ್ನು ಹಾಳು ಮಾಡಿದಳು" ಎಂದು ಹೆಂಗಸರು ಅವಳೆದುರೇ ಆಡಿಕೊಂಡರು. ನಾನು ಕಿಟಕಿಯಾಚೆ ಹಿಮಾಲಯ ಹುಡುಕುತ್ತಿದ್ದೆ.

"ಯಾಕ ಹಂಗಂದಿ ಗಂಗವ್ವಾ?" ಎಂದು ಮರುದಿನ ಪಿಸುಗುಟ್ಟಿದೆ.

"ನನಗ ಬೈಸ್ಕೊಂಡು ರೂಢಿ ಐತ್ರಿ. ನಿಮಗೆಲ್ಲಿ ಐತಿ?"

ನಾಚಿಕೆಯ ಮಾತೆಂದರೆ, ಅದು ನನಗೆ ನ್ಯಾಯವಾಗಿಯೇ ಕಂಡಿತು.

ಊರಿಗೆ ಬಂದು ಎರಡು ತಿಂಗಳಿಗೆ ತಡೆಯಲಾಗದೆ ವಾಳೂಜ್‌ಗೆ ಹೋದೆ. ಶೆಡ್ಡು ಮುಗಿದಿತ್ತು, ಗುಂಪು ಸಿಲ್ಲೋಡ್ ಕಡೆ ಹೋಗಿದೆಯೆಂದರು. ಸಿಲ್ಲೋಡ್‌ನಲ್ಲಿ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. ಕೊನೆಗೆ ಪಾಟೀಲರಿಗೆ ಫೋನ್ ಮಾಡಿ, ಅಂದು ನಾನು ನೋಡದೆಯೇ "ಆಹೆ" ಎಂದಿದ್ದೆನೆಂದು ಒಪ್ಪಿಕೊಂಡೆ.

"ಕಾಕಾ, ಬಸ್ಸಿಗೆ ಇರುವುದು ಒಂದೇ ಬಾಗಿಲು. ಅದರಲ್ಲಿ ನಾನೇ ನಿಂತಿದ್ದೆ. ಯಾರೂ ಮತ್ತೆ ಇಳಿಯಲಿಲ್ಲ" ಎಂದರು.

"ಮತ್ತೆ ಯಾಕೆ ಸುಮ್ಮನಿದ್ದಿರಿ?"

"ನೀವೇ ಹೇಳುತ್ತೀರೇನೋ ಅಂತ ನಾಸಿಕ್‌ವರೆಗೂ ಕಾದೆ."

ಗಂಗವ್ವನೂ ಕಾದಿರಬೇಕು. ಯಾತ್ರೆಯಿಂದ ಮರಳಿ ಸಂಭಾಜಿನಗರದಲ್ಲಿ ಇಳಿಯುವಾಗ ಅವಳು ನನ್ನ ಸೀಟಿನ ಪಕ್ಕ ಒಂದು ಗಳಿಗೆ ನಿಂತಿದ್ದಳು. ದಾರಿ ಬಿಡಬೇಕೇನೋ ಎಂದು ನಾನು ಕಾಲು ಮಡಚಿಕೊಂಡೆ.