ನಮ್ಮ ಮನೆಯನ್ನೂ ಕರೆದ ಯಜಮಾನರು

ನಮ್ಮ ಬೀದಿಯ ಯಜಮಾನರ ಹೆಬ್ಬೆರಳು, ತೋರುಬೆರಳು ಸುಮ್ಮನೆ ಕೂತಾಗಲೂ ಒಂದಕ್ಕೊಂದು ಉಜ್ಜುತ್ತಲೇ ಇರುತ್ತಿದ್ದವು, ಕಾಣದ ನೂಲಿಗೆ ಗಂಟು ಹಾಕುವ ಹಾಗೆ. ಅವರು ಮಗ್ಗ ಬಿಟ್ಟು ವರ್ಷಗಳಾಗಿದ್ದವು. ಬೆರಳಿಗೆ ಮಾತ್ರ ಅದು ತಿಳಿದಿರಲಿಲ್ಲ.

ತಿರುಪ್ಪೂರಿನ ಕಡೆಯ ನಮ್ಮ ನೇಕಾರರ ಬೀದಿಯಲ್ಲಿ ಮಾತು ಕನ್ನಡ, ಓದು ತಮಿಳು. ಯಜಮಾನರ ಹತ್ತಿರ ಸಂವಿಧಾನದ ತಮಿಳು ಪುಸ್ತಕವಿತ್ತು. ನಮಗದು ‘ಸಟ್ಟದ ಬುಕ್ಕು’, ಅಂದರೆ ಕಾನೂನಿನ ಪುಸ್ತಕ. ಪ್ರತಿ ಗಣರಾಜ್ಯ ದಿನ ದೇವಸ್ಥಾನದ ಜಗಲಿಯಲ್ಲಿ ಅದರ ಮೊದಲ ಪುಟ ಓದಿ, ಮನೆಮಾತಿನಲ್ಲಿ ಬಿಡಿಸಿ ಹೇಳುವರು. ಬೀದಿಯ ಕೂಟ ಸೇರುತ್ತಿದ್ದುದೂ ಅದೇ ಜಗಲಿಯಲ್ಲಿ. ಯಜಮಾನರು ಒಂದೊಂದೇ ಮನೆ ಕರೆಯಬೇಕು. ಆ ಮನೆಯ ಗಂಡಸು ಬಂದು ‘ಬೇಕು’, ‘ಬೇಡ’ ಎಂಬ ಎರಡು ತಟ್ಟೆಗಳಲ್ಲಿ ಒಂದಕ್ಕೆ ಅಡಿಕೆ ಹಾಕಬೇಕು. ಅಪ್ಪ ತೀರಿಕೊಂಡು ಅಮ್ಮ, ಮಗಳು ನಾನು ಇಬ್ಬರೇ ಉಳಿದ ಮೇಲೆ ನಮ್ಮ ಮನೆಯನ್ನು ಕರೆಯುವುದು ನಿಂತಿತು.

ಎಂಬತ್ತರ ದಶಕದ ನಡುವೆ, ಬೀದಿಗೆಲ್ಲ ಸೇರಿದ, ಹಾಸು ಹರಡುವ ಬಯಲನ್ನು ಪವರ್‌ಲೂಮ್ ಶೆಡ್ಡಿಗೆ ಮಾರುವ ಮಾತು ಬಂತು. ಹಾಸಿನ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚುವುದು ಅಲ್ಲೇ. ಬಯಲು ಹೋದರೆ ಅಮ್ಮನ ಮಗ್ಗ, ನನ್ನ ಮಗ್ಗ ಎರಡೂ ನಿಂತ ಹಾಗೆಯೇ. ಮಾರಬೇಕೆಂದವರಲ್ಲಿ ಯಜಮಾನರೇ ಮೊದಲಿಗರು. “ಕೈಮಗ್ಗ ಇನ್ನೆಷ್ಟು ದಿನ? ಹುಡುಗ್ರು ಬದುಕ್ಬೇಕಲ್ಲ” ಎನ್ನುವರು.

ಆ ವರ್ಷ ಗಣರಾಜ್ಯ ದಿನದ ಓದು ಮುಗಿಸಿ ಯಜಮಾನರು ಪುಸ್ತಕ ಮುಚ್ಚುವಾಗ ಅಮ್ಮ ಎದುರು ಮನೆಯ ತಿಣ್ಣೆಯಿಂದ ಕೇಳಿದಳು: “ಯಜಮಾನ್ರೇ, ಎಲ್ಲಾರೂ ಸಮ ಅಂತ ವರ್ಷಾ ವರ್ಷಾ ಓದ್ತೀರಿ. ಕೂಟದಲ್ಲಿ ನಮ್ಮನೇನ ಯಾಕೆ ಕರಿಯಲ್ಲ?”

“ಅಯ್ಯೋ ಅಕ್ಕಾ, ಅದು ಡೆಲ್ಲಿ ಸಟ್ಟ, ಇದು ನಮ್ಮ ಬೀದಿ!” ಎಂದು ಯಾರೋ ನಕ್ಕರು.

ಯಜಮಾನರು ನಗಲಿಲ್ಲ. ಮತ್ತೆ ಪುಸ್ತಕ ತೆರೆದು, ತುಟಿ ಅಲ್ಲಾಡಿಸುತ್ತ ಅದೇ ಪುಟ ಓದಿಕೊಂಡರು. ಬೆರಳುಗಳು ನಿಂತೇ ಹೋಗಿದ್ದವು.

“ಅಮ್ಮಿಣಿ ಕೇಳಿದ್ದು ಸರಿ. ಬರ್ದೋರು ನಮ್ಮ ಬೀದಿ ನೋಡಿರ್ಲಿಲ್ಲ. ಆದ್ರೂ ಆ ಮಾತು ನಡ್ಕೊಂಡು ಇಲ್ಲಿವರ್ಗೂ ಬಂದದೆ. ಬಾಗ್ಲಲ್ಲಿ ನಿಲ್ಸಿ ವಾಪಸ್ ಕಳ್ಸೋಕಾಗುತ್ತಾ?” ಎಂದರು. ಅಮ್ಮನನ್ನು ಅವರು ಅಕ್ಕರೆಯಿಂದ ‘ಅಮ್ಮಿಣಿ’ ಎನ್ನುವರು.

ಬಯಲಿನ ವಿಷಯಕ್ಕೆ ಸೇರಿದ ಮುಂದಿನ ಕೂಟದಲ್ಲಿ ಅವರು ಮನೆ ಹಿಡಿದು ಕರೆಯಲಿಲ್ಲ, ಹೆಸರು ಹಿಡಿದು ಕರೆದರು. ಓಟಿನ ವಯಸ್ಸಾದ ಹೆಂಗಸರನ್ನೂ ಕರೆದರು. ಅಮ್ಮ ಹೋಗಿಬಂದಳು. ಆಮೇಲೆ ನನ್ನ ಹೆಸರು. ಅಷ್ಟು ಜನರ ಮುಂದೆ ಅದನ್ನು ಯಾರೂ ಕೂಗಿರಲಿಲ್ಲ. ಹೋಗಿ ‘ಬೇಡ’ದ ತಟ್ಟೆಗೆ ಅಡಿಕೆ ಹಾಕಿದೆ. ‘ಬೇಡ’ದ ತಟ್ಟೆ ತುಂಬಿತು, ಬಯಲು ಉಳಿಯಿತು. ಯಜಮಾನರ ಹೆಂಡತಿಯೂ ಅದಕ್ಕೇ ಹಾಕಿದ್ದರು!

“ನೋಡಿದ್ಯಾ ಅಮ್ಮಿಣಿ, ನಮ್ಮನೆ ಅಡ್ಕೇನೂ ನನ್ಗೆ ಬೀಳ್ಲಿಲ್ಲ” ಎಂದು ಹೊಟ್ಟೆ ಕುಲುಕುವ ಹಾಗೆ ನಕ್ಕರು.

ದೇಶದಲ್ಲಿ ಓಟಿನ ವಯಸ್ಸು ಹದಿನೆಂಟಕ್ಕೆ ಇಳಿದಾಗ ಪುಸ್ತಕದ ಆ ಸಾಲನ್ನು ಪೆನ್ನಿನಿಂದ ತಿದ್ದಿಕೊಂಡು, ಕೂಟಕ್ಕೂ ಹದಿನೆಂಟೇ ಎಂದರು. “ಎಳೆ ಕಡಿದ್ರೆ ಹಾಸನ್ನೇ ಬಿಸಾಕ್ತೀವಾ? ಅಲ್ಲೇ ಗಂಟು ಹಾಕಿ ಮುಂದಕ್ಕೆ ನೇಯ್ತೀವಿ. ಸಟ್ಟಾನೂ ಹಂಗೇ.”

ಅವರು ತೀರಿಕೊಂಡಾಗ ಆ ಬಯಲಿನಲ್ಲೇ ಮಲಗಿಸಿದ್ದರು. ಕೊನೆಯದಾಗಿ ಬಾಯಿಗೆ ಅಕ್ಕಿ ಹಾಕಲು ಬೀದಿಯವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಅಮ್ಮ ಅಕ್ಕಿ ಹಾಕಿ, ಸುಮ್ಮನಾಗಿದ್ದ ಆ ಎರಡು ಬೆರಳುಗಳನ್ನು ಒಮ್ಮೆ ಮುಟ್ಟಿ ಬಂದಳು.